ಮುಳ್ಳು ನಿಂತಿದೆ, ಮೈ ನಿಂತಿಲ್ಲ!

ಹತ್ತು ಕೆಜಿ ಕೊಬ್ಬು ಕರಗಿತು ಅನ್ನುತ್ತೇವಲ್ಲ, ಕರಗಿದ್ದು ಹೋಗಿದ್ದಾದರೂ ಎಲ್ಲಿಗೆ? ಬೆವರಲ್ಲಿ ಹೋಯಿತು ಅನ್ನುವವರಿದ್ದಾರೆ, ಉರಿದು ಶಾಖವಾಯಿತು ಅನ್ನುವವರಿದ್ದಾರೆ, ಬೆಳಗ್ಗೆ ಕಕ್ಕಸಿನಲ್ಲಿ ಹೋಗಿರಬೇಕು ಬಿಡಿ ಅನ್ನುವವರೂ ಇದ್ದಾರೆ. 2014ರಲ್ಲಿ ಆಸ್ಟ್ರೇಲಿಯಾದ ರೂಬೆನ್ ಮೀರ್ಮನ್ ಮತ್ತು ಆಂಡ್ರ್ಯೂ ಬ್ರೌನ್ ಇದೇ ಪ್ರಶ್ನೆಯನ್ನು ವೈದ್ಯರು, ಡಯಟಿಷಿಯನ್‌ಗಳು, ಜಿಮ್ ತರಬೇತುದಾರರು ಸೇರಿ 150 ಮಂದಿಗೆ ಕೇಳಿದರು. ಬಲ್ಲವರೆನಿಸಿಕೊಂಡವರಲ್ಲೇ ಬಹುಪಾಲು ಮಂದಿ ಎಡವಿದರು! ಸರಿಯುತ್ತರ ಯಾವುದು ಗೊತ್ತೇ? ಮೂಗು. ಹೌದು, ನಮ್ಮ ಮುಖದ ನಡುವೆ ಇರುವ ಇದೇ ಮೂಗು. ಹತ್ತು ಕೆಜಿ ಕೊಬ್ಬಿನಲ್ಲಿ 8.4 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನ ಜೊತೆ ಗಾಳಿಗೆ ಹೋಗುತ್ತದೆ, ಉಳಿದ 1.6 ಕೆಜಿ ನೀರಾಗುತ್ತದೆ. ಅಷ್ಟನ್ನು ಉರಿಸಲು ಮೈ 29 ಕೆಜಿ ಆಮ್ಲಜನಕವನ್ನು ಒಳಗೆಳೆದುಕೊಳ್ಳಬೇಕು!

ಒಂದು ಗಳಿಗೆ ನಿಂತು ಯೋಚಿಸಿ. ದೊಡ್ಡಬಳ್ಳಾಪುರದಲ್ಲಿ ಯಾರೋ ಬಿಟ್ಟ ಉಸಿರು ಗಾಳಿಯಲ್ಲಿ ಬೆರೆತು ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಕಡೆಯ ಹಿಪ್ಪುನೇರಳೆ ತೋಟಕ್ಕೆ ಹೋಗುತ್ತದೆ, ಎಲೆ ಅದನ್ನು ಬಿಸಿಲಲ್ಲಿ ಹೀರಿಕೊಳ್ಳುತ್ತದೆ, ಎಲೆಯನ್ನು ಹುಳು ತಿನ್ನುತ್ತದೆ, ಹುಳು ಗೂಡು ಕಟ್ಟುತ್ತದೆ, ನೂಲು ತಿರುಗಿ ದೊಡ್ಡಬಳ್ಳಾಪುರದ ಮಗ್ಗಕ್ಕೇ ಬರುತ್ತದೆ. ಸೊಂಟದ ಸುತ್ತ ಹದಿನೈದು ವರ್ಷ ಕೂತಿದ್ದ ಇಂಗಾಲದ ಒಂದು ಕಣ ಸೀರೆಯ ಅಂಚಾಗಬಾರದು ಅಂತ ಯಾವ ರಸಾಯನಶಾಸ್ತ್ರವೂ ಹೇಳುವುದಿಲ್ಲ!

ಇಷ್ಟು ದೊಡ್ಡ ವ್ಯಾಪಾರ ಮೈಯೊಳಗೆ ನಡೆಯುತ್ತಿರುವಾಗ, ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡು ಬೆಂಗಳೂರಿನಿಂದ ಮನೆಗೆ ಬಂದವರು ಮೂರನೇ ವಾರ ಏನು ಮಾಡುತ್ತಿರುತ್ತಾರೆ? ಬೆಳಗ್ಗೆ ಎದ್ದು ತೂಕದ ಯಂತ್ರದ ಮೇಲೆ ನಿಂತು ಅಳುತ್ತಿರುತ್ತಾರೆ. ಸೋಮವಾರ 112, ಬುಧವಾರ 112, ಶನಿವಾರ 112.3! ಮೊದಲ ಹದಿನೈದು ದಿನ ದಡದಡ ಇಳಿದ ಮುಳ್ಳು ಈಗ ಕಚ್ಚಿಕೊಂಡು ಕೂತಿದೆ. ನೋಡಲು ಬಂದವರ ಬಾಯಿ ಸುಮ್ಮನಿರುತ್ತದೆಯೇ? "ಏನಮ್ಮಾ, ಇನ್ನೂ ಹಂಗೇ ಇದ್ದೀಯಲ್ಲ", "ಅಷ್ಟು ದುಡ್ಡಿಗೆ ಎರಡು ಸೀಮೆಹಸು ಬರ್ತಿದ್ವು", "ಒಳಗೆ ಹೊಲಿಗೆ ಬಿಚ್ಕೊಂಡಿರಬೇಕು ಕಣೇ". ದಿನಕ್ಕೆ ನಾಲ್ಕು ಲೋಟ ಗಂಜಿ ಕುಡಿದುಕೊಂಡು, ಮನೆಯವರೆಲ್ಲ ಸಾರಿನ ಘಮದಲ್ಲಿ ಊಟಕ್ಕೆ ಕೂತಾಗ ಎದ್ದು ಹಿತ್ತಲಿಗೆ ಹೋಗುವ ಮನುಷ್ಯನಿಗೆ ಈ ಮಾತು ಎಲ್ಲಿ ತಾಗುತ್ತದೆಂದು ಬೇರೆ ಹೇಳಬೇಕಿಲ್ಲ.

ದೊಡ್ಡಬಳ್ಳಾಪುರ, ದೇವನಹಳ್ಳಿಯ ಈ ಸೀಮೆಯಲ್ಲಿ ಇಂಥ ಮನೆಗಳು ಅಪರೂಪವಾಗಿ ಉಳಿದಿಲ್ಲ. 2008ರಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಶುರುವಾಯಿತು, ಹೊಲ ಲೇಔಟಾಯಿತು, ನೊಗ ಹೊತ್ತ ಮನೆಗಳಲ್ಲಿ ಕಾರು ಬಂತು. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳ ಪೈಕಿ ತೂಕ ಮಿತಿಮೀರಿದವರು ನಾಲ್ಕನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ 23 ಇದ್ದರು, 2019–21ರ ಐದನೆಯದರಲ್ಲಿ ಶೇ 30. ಕಾರಣಗಳ ಪಟ್ಟಿ ಎಲ್ಲರಿಗೂ ಬಾಯಿಪಾಠ, ಅದನ್ನು ಬಿಡೋಣ. ನನ್ನ ಕುತೂಹಲವೆಲ್ಲ ಆ ಕಚ್ಚಿಕೊಂಡ ಮುಳ್ಳಿನ ಮೇಲೆ.

ಮೊದಲು ಒಂದು ಗೊಂದಲ ಕಳೆಯಬೇಕು. ತೂಕ ಇಳಿಸುವ ಆಪರೇಷನ್ನೆಂದರೆ ಕೊಳವೆ ಹಾಕಿ ಕೊಬ್ಬು ಎಳೆಯುವ ಸೌಂದರ್ಯ ಚಿಕಿತ್ಸೆಯಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವ ನಟಿಯೊಬ್ಬರು ಕೊಬ್ಬು ತೆಗೆಸಿಕೊಳ್ಳಲು ಹೋಗಿ ತೀರಿಕೊಂಡ ಮೇಲೆ ಊರೂರಲ್ಲಿ ಎರಡನ್ನೂ ಒಂದೇ ಎಂದು ಬಗೆದು ಹೆದರಿದವರು ಬಹಳ. ಬೇರಿಯಾಟ್ರಿಕ್ ಎಂದು ಕರೆಯುವ ಈ ಆಪರೇಷನ್ನಿನಲ್ಲಿ ಕೊಬ್ಬನ್ನು ಯಾರೂ ಮುಟ್ಟುವುದೇ ಇಲ್ಲ! ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ, ಜಠರದ ಮುಕ್ಕಾಲು ಪಾಲನ್ನು ಉದ್ದಕ್ಕೆ ಸ್ಟೇಪಲ್ ಹೊಡೆದು ಕತ್ತರಿಸಿ ತೆಗೆದರೆ ಅದು ಸ್ಲೀವ್. ಜಠರದ ತುದಿಯಲ್ಲಿ ಪುಟ್ಟ ಚೀಲವನ್ನಷ್ಟೇ ಉಳಿಸಿ ಅದಕ್ಕೆ ಸಣ್ಣಕರುಳನ್ನು ತಂದು ಜೋಡಿಸಿದರೆ ಬೈಪಾಸ್. ಬೈಪಾಸ್ ಹುಟ್ಟಿದ್ದೇ ಒಂದು ಗಮನಿಕೆಯಿಂದ: ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಎಂಬ ಸರ್ಜನ್ನರು, ಅಲ್ಸರಿಗೆಂದು ಜಠರದ ಭಾಗ ತೆಗೆಸಿಕೊಂಡ ಹೆಂಗಸರು ಆಮೇಲೆ ದಪ್ಪಗಾಗುವುದೇ ಇಲ್ಲವಲ್ಲ ಎಂದು ಬೆರಗಾದರು. 1966ರಲ್ಲಿ ಆ ಬೆರಗನ್ನೇ ಚಿಕಿತ್ಸೆಯಾಗಿಸಿದರು.

ಈಗ ಮೂರನೇ ವಾರಕ್ಕೆ ಬನ್ನಿ. ನಮ್ಮ ಯಕೃತ್ತು ಮತ್ತು ಮಾಂಸಖಂಡಗಳಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನಿದೆ. 1857ರಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ ಅದನ್ನು ಯಕೃತ್ತಿನಿಂದ ಬೇರ್ಪಡಿಸಿ ತೋರಿಸಿದರು. ಇರುವುದು ಹೆಚ್ಚೆಂದರೆ ಅರ್ಧ ಕೆಜಿ. ಆದರೆ ಪ್ರತಿ ಗ್ರಾಂ ಗ್ಲೈಕೋಜನ್ ಮೂರ್ನಾಲ್ಕು ಗ್ರಾಂ ನೀರನ್ನು ಕಟ್ಟಿಹಾಕಿಕೊಂಡು ಕೂತಿರುತ್ತದೆ! ಆಪರೇಷನ್ ಆದೊಡನೆ ಊಟ ನಿಂತಿತು, ಮೈ ಮೊದಲು ಈ ದಾಸ್ತಾನಿಗೆ ಕೈಹಾಕಿತು, ದಾಸ್ತಾನು ಖಾಲಿಯಾಗುತ್ತಾ ನೀರೂ ಹೊರಗೆ ಹೋಯಿತು. ಮೊದಲ ವಾರ ಮುಳ್ಳು ದಡಕ್ಕನೆ ಎರಡು ಕೆಜಿ ಇಳಿಯಿತು ನೋಡಿ, ಮನೆಯವರೆಲ್ಲ ಖುಷಿಪಟ್ಟಿರಲ್ಲ, ಅದರಲ್ಲಿ ದೊಡ್ಡ ಪಾಲು ಕೊಬ್ಬೇ ಅಲ್ಲ, ನೀರು!

ಮುಂದಿನ ಕಥೆ ಇನ್ನೂ ಸೊಗಸು. ಮೂರನೇ ವಾರದ ಹೊತ್ತಿಗೆ ಮೈ ಹೊಸ ಲೆಕ್ಕಕ್ಕೆ ಹೊಂದಿಕೊಂಡು ಕೊಬ್ಬನ್ನು ಚೆನ್ನಾಗಿ ಉರಿಸಲು ಕಲಿತಿರುತ್ತದೆ, ಖಾಲಿಯಾದ ದಾಸ್ತಾನನ್ನು ಸ್ವಲ್ಪ ಸ್ವಲ್ಪವೇ ತುಂಬಿಕೊಳ್ಳುತ್ತದೆ, ಜೊತೆಗೆ ನೀರೂ ವಾಪಸು ಬರುತ್ತದೆ. ಒಂದು ಕೆಜಿ ಕೊಬ್ಬೆಂದರೆ ಸುಮಾರು 7,700 ಕ್ಯಾಲೊರಿ. ದಿನಕ್ಕೆ 700 ಕ್ಯಾಲೊರಿ ಕುಡಿದು 2,000 ಖರ್ಚು ಮಾಡುವ ಮೈಗೆ ಆರು ದಿನದಲ್ಲಿ ಹೆಚ್ಚುಕಡಿಮೆ ಒಂದು ಕೆಜಿ ಕೊಬ್ಬು ಹೋಗಬೇಕು. ಅದೇ ಆರು ದಿನದಲ್ಲಿ ಒಂದು ಕೆಜಿ ನೀರು ಒಳಗೆ ಬಂದು ಕೂತರೆ? ಮುಳ್ಳು ಕೂದಲೆಳೆಯಷ್ಟೂ ಅಲುಗುವುದಿಲ್ಲ! ಯಂತ್ರ ಸುಳ್ಳು ಹೇಳುತ್ತಿಲ್ಲ, ಆದರೆ ಅದಕ್ಕೆ ಕೊಬ್ಬು ಯಾವುದು ನೀರು ಯಾವುದು ಗೊತ್ತಾಗುವುದಿಲ್ಲ. ಗಾಯ ಮಾಯುವಾಗ ಮೈ ಹಿಡಿದಿಟ್ಟುಕೊಳ್ಳುವ ನೀರು ಬೇರೆ, ಮುಟ್ಟಿನ ದಿನಗಳ ನೀರು ಬೇರೆ, ನಾರಿಲ್ಲದ ಗಂಜಿಯಿಂದ ಕಟ್ಟಿಕೊಂಡ ಹೊಟ್ಟೆ ಬೇರೆ. ಡ್ರಿಪ್ ಹಾಕಿಸಿಕೊಂಡು ಡಿಸ್ಚಾರ್ಜ್ ಆದ ದಿನ ಆಸ್ಪತ್ರೆಗೆ ಸೇರಿದಾಗಿನದಕ್ಕಿಂತ ಜಾಸ್ತಿ ತೂಗಿದವರೂ ಇದ್ದಾರೆ, ಅವರು ಆ ರಾತ್ರಿ ಪಟ್ಟ ಸಂಕಟವನ್ನು ನೆನೆದರೆ ಪಾಪ ಅನ್ನಿಸುತ್ತದೆ.

ವಿಜಯಪುರದ ಹುಳುಮನೆಗೆ ಹೋದರೆ ಹೀಗೆ ನಿಂತಂತೆ ಕಾಣುವುದನ್ನು ಕಣ್ಣಾರೆ ನೋಡಬಹುದು. ರೇಷ್ಮೆಹುಳು ಹಗಲೂ ರಾತ್ರಿ ಮಳೆ ಬಿದ್ದ ಸದ್ದಿನಲ್ಲಿ ಸೊಪ್ಪು ಮೇಯುತ್ತದೆ, ಇಪ್ಪತ್ತೈದು ದಿನದಲ್ಲಿ ಹುಟ್ಟಿದಾಗಿನ ಹತ್ತು ಸಾವಿರ ಪಟ್ಟು ತೂಗುತ್ತದೆ. ನಡುವೆ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ತಲೆ ಮೇಲೆತ್ತಿ, ಕದಲದೆ, ಒಂದು ಎಲೆಯನ್ನೂ ಮುಟ್ಟದೆ ಒಂದಿಡೀ ದಿನ. ಹೊಸದಾಗಿ ಹುಳು ಇಟ್ಟವನು ಎದೆ ಹಿಡಿದುಕೊಳ್ಳುತ್ತಾನೆ. ಹಳಬ ಸುಣ್ಣದ ಪುಡಿ ಎರಚಿ ಬಾಗಿಲು ಮುಂದೆ ಮಾಡಿಕೊಂಡು ಹೋಗುತ್ತಾನೆ, ಒಳಗೆ ಹೊಸ ಚರ್ಮ ಹುಟ್ಟುತ್ತಿದೆ ಅಂತ ಅವನಿಗೆ ಗೊತ್ತು. ಆ ಹೊತ್ತಿನಲ್ಲಿ ಬಲವಂತಕ್ಕೆ ಸೊಪ್ಪು ಹಾಕಿದರೆ ಬೆಳೆಯೇ ಕೆಡುತ್ತದೆ. ಹುಳು ಬೆಳೆಯುವ ಕಡೆಗೆ, ಮನುಷ್ಯ ಇಳಿಯುವ ಕಡೆಗೆ, ದಿಕ್ಕು ಬೇರೆ ಇರಬಹುದು. ನಿಂತ ಹಾಗೆ ಕಾಣುವುದರ ಗುಟ್ಟು ಒಂದೇ.

ಹಾಗಿದ್ದರೆ ಜಠರ ಚಿಕ್ಕದಾಯಿತು, ಊಟ ಕಡಿಮೆಯಾಯಿತು, ತೂಕ ಇಳಿಯಿತು, ಇಷ್ಟೇ ತಾನೇ? ಅಲ್ಲ! ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು ಮುಂದಿನ ಸಂಗತಿ. 1999ರಲ್ಲಿ ಜಪಾನಿನ ಮಸಯಾಸು ಕೊಜಿಮಾ ಮತ್ತು ಕೆಂಜಿ ಕಂಗಾವಾ ಜಠರದಲ್ಲಿ ಒಂದು ಹಾರ್ಮೋನು ಕಂಡುಹಿಡಿದರು, ಗ್ರೆಲಿನ್. ಹಸಿವಾಗಿದೆ ಎಂದು ಮಿದುಳಿಗೆ ಹೇಳಿ ಕಳಿಸುವ ಹಾರ್ಮೋನು ಇದು. ಮೂರು ವರ್ಷದ ನಂತರ ಸಿಯಾಟಲ್‌ನ ಡೇವಿಡ್ ಕಮಿಂಗ್ಸ್ ತಂಡ ಅಳೆದು ನೋಡಿತು. ಪಥ್ಯ ಮಾಡಿ ತೂಕ ಇಳಿಸಿದವರ ರಕ್ತದಲ್ಲಿ ಗ್ರೆಲಿನ್ ಶೇ 24ರಷ್ಟು ಏರಿತ್ತು! ಬಾಯಿ ಕಟ್ಟಿದಷ್ಟೂ ಮೈ ಇನ್ನಷ್ಟು ಹಸಿವು ಹುಟ್ಟಿಸಿತ್ತು. ವರ್ಷಗಟ್ಟಲೆ ಡಯಟ್ ಮಾಡಿ ಸೋತು, ನಾಲಿಗೆ ಹಿಡಿತದಲ್ಲಿಲ್ಲ ಅಂತ ಬೈಸಿಕೊಂಡವರೆಲ್ಲ ಇದನ್ನು ಓದಬೇಕು. ಬೈಪಾಸ್ ಆದವರಲ್ಲಿ ಮಾತ್ರ, ತೂಕ ಅಷ್ಟು ಇಳಿದರೂ, ಗ್ರೆಲಿನ್ ಪಾತಾಳಕ್ಕೆ ಹೋಗಿತ್ತು. ಸ್ಲೀವ್‌ನಲ್ಲಿ ಕತ್ತರಿಸಿ ತೆಗೆಯುವುದು ಹೆಚ್ಚಾಗಿ ಗ್ರೆಲಿನ್ ತಯಾರಾಗುವ ಆ ಮೇಲ್ಭಾಗವನ್ನೇ.

ಇಲಿಗಳ ಮಾತು ಕೇಳಿ. ಅಮೆರಿಕದ ರ್‍ಯಾಂಡಿ ಸೀಲಿ ಅವರ ಪ್ರಯೋಗಾಲಯದಲ್ಲಿ ಇಲಿಗಳಿಗೂ ಸ್ಲೀವ್ ಮಾಡಿದರು. ತೂಕ ಇಳಿದು ಒಂದು ಕಡೆ ನಿಂತಿತು. ಆಮೇಲೆ ಅವನ್ನು ಬೇಕೆಂದೇ ಅರೆಹೊಟ್ಟೆಯಲ್ಲಿಟ್ಟು ಇನ್ನೂ ಇಳಿಸಿ, ಮತ್ತೆ ಊಟ ಬಿಟ್ಟಾಗ, ಚಿಕ್ಕ ಜಠರದ ಅದೇ ಇಲಿಗಳು ಜಾಸ್ತಿ ತಿಂದು ಮೊದಲು ನಿಂತಿದ್ದ ತೂಕಕ್ಕೇ ವಾಪಸು ಬಂದು ನಿಂತವು! ಅಂದರೆ ಜಾಸ್ತಿ ತಿನ್ನಲು ಅವಕ್ಕೆ ಆಗುತ್ತಿತ್ತು, ಬೇಕಿರಲಿಲ್ಲ. 2014ರಲ್ಲಿ ಇದೇ ಗುಂಪು, ಪಿತ್ತಾಮ್ಲದ ಸುಳಿವು ಹಿಡಿಯುವ ಎಫ್‌ಎಕ್ಸ್‌ಆರ್ ಎಂಬ ಪ್ರೋಟೀನೇ ಇಲ್ಲದ ಸಣ್ಣಿಲಿಗಳಿಗೆ ಸ್ಲೀವ್ ಮಾಡಿತು. ಮೊದಲು ಇಳಿದವು, ಆಮೇಲೆ ಕಳೆದುಕೊಂಡ ತೂಕವನ್ನೆಲ್ಲ ಗಿಟ್ಟಿಸಿಕೊಂಡವು. ಜಠರ ಚಿಕ್ಕದೇ ಇತ್ತು! ಚಾಕು ಮುಟ್ಟಿದ್ದು ಹೊಟ್ಟೆಯನ್ನು, ಬದಲಾಗಿದ್ದು ಹೊಟ್ಟೆ, ಕರುಳು, ಪಿತ್ತ, ಮಿದುಳು ಒಂದಕ್ಕೊಂದು ಆಡುವ ಮಾತು.

1995ರಲ್ಲಿ ವಾಲ್ಟರ್ ಪೋರೀಸ್ ಎಂಬ ಸರ್ಜನ್ 608 ಮಂದಿ ಬೈಪಾಸ್ ರೋಗಿಗಳ ವಿವರ ಪ್ರಕಟಿಸಿದರು. ಅದರಲ್ಲಿ ಸಕ್ಕರೆ ಕಾಯಿಲೆ ಇದ್ದವರಲ್ಲಿ ಹತ್ತಕ್ಕೆ ಎಂಟು ಮಂದಿಯ ಸಕ್ಕರೆ ಮಾಮೂಲಿಗೆ ಬಂದಿತ್ತು, ಬಂದಿದ್ದು ತೂಕ ಇಳಿದ ಮೇಲಲ್ಲ, ಆಪರೇಷನ್ ಆದ ಕೆಲವೇ ದಿನಗಳಲ್ಲಿ! ಇನ್ನೂ ಮೈತುಂಬ ಕೊಬ್ಬಿತ್ತು, ಶುಗರ್ ಆಗಲೇ ಇಳಿದಿತ್ತು. ಗಂಭೀರ ಸರ್ಜರಿ ಪತ್ರಿಕೆಯ ಆ ಲೇಖನದ ತಲೆಬರಹವೇ ಒಂದು ಉದ್ಗಾರವಾಗಿತ್ತೆಂದರೆ ಅವರ ಆಶ್ಚರ್ಯವನ್ನು ಊಹಿಸಿಕೊಳ್ಳಿ.

ಊಟದ ವಿಷಯಕ್ಕೆ ಬಂದರೆ ನಮ್ಮ ಸೀಮೆಗೇ ವಿಶೇಷವಾದ ಒಂದು ಫಜೀತಿ ಇದೆ. ಡಾಕ್ಟರು ಒಂದೊಂದು ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿದು ನುಂಗಿ ಅನ್ನುತ್ತಾರೆ. ನಾವೋ, ಮುದ್ದೆ ಅಗಿದವನನ್ನು ನೋಡಿ ನಗುವ ಜನ! ಸಾರಿನಲ್ಲಿ ಹೊರಳಿಸಿ ಗುಳಕ್ಕನೆ ನುಂಗುವುದನ್ನು ನಾಲ್ಕನೇ ವಯಸ್ಸಿಗೇ ಕಲಿತ ಗಂಟಲು ಅದು. ಬಾಳೆಹಣ್ಣಿನಷ್ಟೇ ಜಾಗ ಉಳಿದ ಜಠರಕ್ಕೆ ಆ ಉಂಡೆ ಇಳಿದರೆ ಎದೆಯಲ್ಲಿ ಕಟ್ಟಿಕೊಂಡು ವಾಂತಿಯೇ ಗತಿ. ಊಟದ ಜೊತೆ ನೀರೂ ಕುಡಿಯುವಂತಿಲ್ಲ, ಅರ್ಧ ಗಂಟೆ ಬಿಡಬೇಕು. ಮೊದಲ ವಾರಗಳಲ್ಲಿ ತಿಳಿ, ಆಮೇಲೆ ಗಂಜಿ, ಆಮೇಲೆ ರುಬ್ಬಿದ್ದು, ಆಮೇಲೆ ಮೆತ್ತಗಿನದು, ಗಟ್ಟಿ ಊಟಕ್ಕೆ ಆರೆಂಟು ವಾರ. ಅಷ್ಟರಲ್ಲಿ ಯಾರದೋ ಮನೆ ಬಾಡೂಟ ಬರುತ್ತದೆ, ಹೊಸಕೋಟೆ ಕಡೆ ನೆಂಟರಿದ್ದರೆ ಬೆಳಗಿನ ಜಾವದ ದಮ್ ಬಿರಿಯಾನಿಗೆ ಕರೆಯೂ ಬರುತ್ತದೆ.

ರಾಗಿ ಅಂಬಲಿ ಕುಡಿದುಕೊಂಡಿದ್ದೇನೆ, ಇನ್ನೇನು ಬೇಕು ಎಂದು ನೆಮ್ಮದಿಯಾಗಿರುವವರಿಗೆ ಒಂದು ಮಾತು. ರಾಗಿಯ ಸುಣ್ಣದಂಶಕ್ಕೆ ಸಾಟಿಯಿಲ್ಲ, ಆದರೆ ನೂರು ಗ್ರಾಂ ರಾಗಿಯಲ್ಲಿ ಪ್ರೋಟೀನ್ ಏಳು ಗ್ರಾಂ ಮಾತ್ರ. ಈಗ ದಿನಕ್ಕೆ ಬೇಕಿರುವುದು ಕನಿಷ್ಠ ಅರವತ್ತು. ಪ್ರೋಟೀನ್ ಸಾಲದೆ ಹೋದರೆ ಮೈ ಕೊಬ್ಬಿನ ಜೊತೆ ಮಾಂಸಖಂಡವನ್ನೂ ಉರಿಸುತ್ತದೆ, ಯಂತ್ರ ಅದನ್ನೂ ಇಳಿಕೆ ಎಂದೇ ತೋರಿಸುತ್ತದೆ. ಅಂಥ ಇಳಿಕೆಗಿಂತ ನಿಂತ ಮುಳ್ಳೇ ವಾಸಿ! ಮೊಟ್ಟೆ, ಮೊಸರು, ಡಯಟಿಷಿಯನ್ ಒಪ್ಪಿದ ಮೇಲೆ ನುಣ್ಣಗೆ ರುಬ್ಬಿದ ಹುರುಳಿ. ನೂರು ಗ್ರಾಂ ಹುರುಳಿಯಲ್ಲಿ ಪ್ರೋಟೀನ್ ಇಪ್ಪತ್ತೆರಡು ಗ್ರಾಂ ಇದೆ. ಕಟ್ಟು ಬಸಿದು ಕುಡಿದರೆ ಸಾಲದು, ಸಾರ ಕಾಳಿನಲ್ಲೇ ಉಳಿದಿರುತ್ತದೆ.

ತೂಗುವ ಹುಚ್ಚು ಹೊಸದೇನಲ್ಲ. ಇಟಲಿಯ ಪಾದುವಾದಲ್ಲಿ ಸಾಂಟೋರಿಯೊ ಎಂಬ ವೈದ್ಯ ತಕ್ಕಡಿಗೆ ತೂಗುಹಾಕಿದ ಕುರ್ಚಿಯಲ್ಲಿ ಕೂತು ಉಂಡು, ಉಂಡದ್ದನ್ನೂ ವಿಸರ್ಜಿಸಿದ್ದನ್ನೂ ವರ್ಷಾನುಗಟ್ಟಲೆ ತೂಗಿದ. ಎಂಟು ಪೌಂಡು ಒಳಗೆ ಹೋದರೆ ಐದು ಪೌಂಡು ಕಣ್ಣಿಗೆ ಕಾಣದ ಹಾಗೆ ಹೊರಟುಹೋಗುತ್ತದೆ ಎಂದು 1614ರಲ್ಲಿ ಬರೆದ. ಉಸಿರು ಮತ್ತು ಚರ್ಮದ ಆವಿ! ಆದರೆ ಅವನು ತೂಗಿದ್ದು ಅರ್ಥಮಾಡಿಕೊಳ್ಳಲಿಕ್ಕೆ, ಬೈದುಕೊಳ್ಳಲಿಕ್ಕಲ್ಲ. ವಾರಕ್ಕೊಂದು ಸಲ, ಅದೇ ಯಂತ್ರ, ಅದೇ ಹೊತ್ತು, ಅದೇ ಗಟ್ಟಿ ನೆಲ, ಅಷ್ಟು ಸಾಕು. ಚಾಪೆಯ ಮೇಲಿಟ್ಟ ಯಂತ್ರವನ್ನು ನಂಬಬೇಡಿ. ಗಂಡಸರ ಉಡಿದಾರ, ಹೆಂಗಸರ ರವಿಕೆಯ ಹೊಲಿಗೆ, ಬೆರಳಿನ ಉಂಗುರ ಇವು ಆ ಯಂತ್ರಕ್ಕಿಂತ ಮೊದಲೇ ಸುದ್ದಿ ಹೇಳುತ್ತವೆ. ಶುಗರ್ ಚೀಟಿ ಇನ್ನೂ ಮೊದಲು ಹೇಳುತ್ತದೆ.

ನನಗೆ ಸಿಟ್ಟು ಬರುವುದು ಒಂದೇ ಕಡೆ. ಮುಳ್ಳು ನಿಂತಿತೆಂದು ನಡುರಾತ್ರಿ ಫೋನ್ ಮಾಡುವವರೇ, ವಾಂತಿ ನಿಲ್ಲುತ್ತಿಲ್ಲ ಎಂಬುದನ್ನು ಮಾತಿನ ಕೊನೆಗೆ, ಅದೂ ಕೇಳಿದರೆ, ಹೇಳುತ್ತಾರೆ. ಹೆದರಿಕೆ ತಪ್ಪು ವಿಳಾಸಕ್ಕೆ ಹೋಗಿದೆ! ಬಿ1 ಜೀವಸತ್ವವನ್ನು ಮೈ ಹೆಚ್ಚು ಕೂಡಿಡುವುದಿಲ್ಲ, ಇರುವುದು ಎರಡು ಮೂರು ವಾರಕ್ಕಾಗುವಷ್ಟು. ದಿನವೂ ವಾಂತಿಯಾಗುತ್ತಿದ್ದರೆ, ಸರಿಯಾಗಿ ಅದೇ ಮೂರನೇ ವಾರದ ಹೊತ್ತಿಗೆ ಕೂಡಿಟ್ಟ ಬಿ1 ಮುಗಿಯುತ್ತದೆ. ಕಣ್ಣಿಗೆ ಒಂದು ಎರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಮಾತು ತಡವರಿಸುವುದು ಕಂಡರೆ ತಕ್ಷಣ ಆಸ್ಪತ್ರೆ, ಬಿ1 ಸಿಗದೆ ಬರಿಯ ಗ್ಲೂಕೋಸ್ ಡ್ರಿಪ್ ಹಾಕಿಸಿಕೊಂಡರೆ ಸ್ಥಿತಿ ಇನ್ನೂ ಕೆಡಬಹುದು. ಊರಿನ ಕ್ಲಿನಿಕ್ಕಿಗೆ ಹೋದರೂ ಆಪರೇಷನ್ ಆಗಿದೆ ಎಂದು ಮೊದಲ ಮಾತಿನಲ್ಲೇ ಹೇಳಿ. ಮೊದಲ ವಾರಗಳಲ್ಲಿ ನಾಡಿ ನಿಮಿಷಕ್ಕೆ 120 ದಾಟಿ ಹಾರುವುದು, ಜ್ವರ, ಹೊಟ್ಟೆನೋವು ಏರುತ್ತಾ ಹೋಗುವುದು, ಉಸಿರು ಕಟ್ಟುವುದು, ಒಂದು ಕಾಲು ಮಾತ್ರ ಊದುವುದು, ಮಲ ಕಪ್ಪಗಾಗುವುದು, ಇವು ಯಾವುವೂ ಬೆಳಗಾಗಲಿ ನೋಡೋಣ ಎನ್ನುವ ಸಂಗತಿಗಳಲ್ಲ. ಹಳೇ ಲೆಕ್ಕದಲ್ಲೇ ಶುಗರ್, ಬಿಪಿ ಮಾತ್ರೆ ನುಂಗುತ್ತಿದ್ದರೆ ತಲೆಸುತ್ತಿ ಬೀಳುವುದೂ ಉಂಟು; ಪೋರೀಸ್ ಬೆರಗಾದ ಅದೇ ಇಳಿಕೆ ಇಲ್ಲಿ ಅಪಾಯವಾಗುತ್ತದೆ. ಡಿಸ್ಚಾರ್ಜ್ ಕಾಗದ ಇಂಗ್ಲಿಷಿನಲ್ಲಿದ್ದರೆ ಮನೆಯಲ್ಲಿ ಓದಬಲ್ಲವರನ್ನು ಕೂರಿಸಿಕೊಂಡು ಒಂದೊಂದು ಸಾಲನ್ನೂ ಕನ್ನಡದಲ್ಲಿ ಬರೆಸಿ ಗೋಡೆಗೆ ಅಂಟಿಸಿಕೊಳ್ಳಿ. ಇದನ್ನು ಆಸ್ಪತ್ರೆಗಳೇ ಮಾಡಿ ಕೊಡಬೇಕಿತ್ತು.

ಇಷ್ಟು ಬಿಟ್ಟರೆ, ನಿಧಾನ ಅನ್ನುವುದಕ್ಕೆ ಅಳತೆ ಯಾವುದು? ಸ್ವೀಡನ್ನಿನಲ್ಲಿ 1987ರಿಂದ ಆಪರೇಷನ್ ಆದ 2,010 ಮಂದಿಯನ್ನು ಹಿಂಬಾಲಿಸಿಕೊಂಡು ಹೋದ ಅಧ್ಯಯನವೊಂದಿದೆ, ಈ ವಿದ್ಯೆಯಲ್ಲಿ ಎಲ್ಲರೂ ತಿರುಗಿ ತಿರುಗಿ ಹೋಗಿ ನೋಡುವ ಲೆಕ್ಕಪುಸ್ತಕ ಅದು. ಬೈಪಾಸ್ ಆದವರು ಅತಿ ಹೆಚ್ಚು ಇಳಿದದ್ದು ಒಂದೆರಡು ವರ್ಷದ ಹೊತ್ತಿಗೆ, ಸರಾಸರಿ ಮೈತೂಕದ ಶೇ 32. ಹತ್ತು ವರ್ಷದ ಮೇಲೂ ಶೇ 25 ಇಳಿದೇ ಇತ್ತು! ಆಪರೇಷನ್ ಆದವರ ಆಯುಸ್ಸೂ ಹೆಚ್ಚಿತು ಎಂದು 2007ರಲ್ಲಿ ಅದೇ ಅಧ್ಯಯನ ಹೇಳಿತು. ದಶಕಗಳ ಲೆಕ್ಕ ಇಟ್ಟ ಆ ಮಹಾ ಅಧ್ಯಯನದಲ್ಲಿ, ಆಪರೇಷನ್ ಆದ ಮೇಲೆ ಮೊತ್ತಮೊದಲ ತಪಾಸಣೆ ಗೊತ್ತುಮಾಡಿದ್ದು ಯಾವಾಗ ಅಂತೀರಿ? ಆರು ತಿಂಗಳಿಗೆ!